ಗುಡಿ-ಚರ್ಚುಗಳಿಗೆ ಹೊಣೆಗಾರಿಕೆಯ ವಿಮೆ

‘ವಿಮೆ’ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಜೀವವಿಮೆ. ಅದನ್ನು ಬಿಟ್ಟರೆ ಮೋಟಾರು ಸೈಕಲ್ಲಿನ ವಿಮೆ. ದೇವಸ್ಥಾನಕ್ಕೋ ಚರ್ಚಿಗೋ ವಿಮೆ ಎಂದರೆ ನಗುವವರೇ ಹೆಚ್ಚು. ‘ಎಲ್ಲರನ್ನೂ ಕಾಯುವವನಿಗೆ ಕಂಪೆನಿಯ ಕಾವಲು ಬೇಕೆ?’ ಎಂದು ಕೇಳುತ್ತಾರೆ. ನಾನೂ ಒಂದು ಕಾಲದಲ್ಲಿ ಹಾಗೆ ನಕ್ಕವನೇ. ನನ್ನ ನಗು ನಿಂತದ್ದು ನಮ್ಮ ಊರಿನ ಜಾತ್ರೆಯಲ್ಲಿ.

ನಮ್ಮದು ಸೊರಬ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಅಲ್ಲಿಯ ಮಾರಿ ಜಾತ್ರೆಗೆ ಸುತ್ತಣ ಹಳ್ಳಿಗಳ ಜನರೆಲ್ಲ ಸೇರುತ್ತಾರೆ. ಕೆಲವು ವರ್ಷಗಳ ಹಿಂದೆ ಆ ಜಾತ್ರೆಯ ಎರಡನೆಯ ರಾತ್ರಿ, ಗಾಳಿ ಮಳೆ ಏನೂ ಇಲ್ಲದಿರುವಾಗಲೇ, ಗುಡಿಯ ಮುಂದೆ ನಿಲ್ಲಿಸಿದ್ದ ದೀಪಾಲಂಕಾರದ ಕಮಾನು ಉರುಳಿ, ಅದರ ಬುಡದಲ್ಲಿ ಮಂಡಕ್ಕಿ ಮಾರುತ್ತ ಕುಳಿತಿದ್ದ ಒಬ್ಬ ಹೆಂಗಸಿನ ಮೇಲೆ ಬಿತ್ತು. ತೊಡೆಯ ಮೂಳೆ ಎರಡು ಕಡೆ ಮುರಿಯಿತು. ಅವಳನ್ನು ಶಿವಮೊಗ್ಗಕ್ಕೆ ಸಾಗಿಸಿದರು. ಮೊದಲ ವಾರ ಊರವರೆಲ್ಲ ಮನೆಮನೆಯಿಂದ ವಂತಿಗೆ ಎತ್ತಿ ಹಣ ಕಳುಹಿಸಿದರು. ಎರಡನೆಯ ವಾರದಿಂದ ‘ತಪ್ಪು ಯಾರದು?’ ಎಂಬ ಚರ್ಚೆ ಆರಂಭವಾಯಿತು. ‘ಅಲ್ಲಿಯೇ ನಿಲ್ಲಿಸು ಎಂದವರು ಸಮಿತಿಯವರು’ ಎಂದ ಕಮಾನು ಕಟ್ಟಿದವನು. ‘ಗೂಟವನ್ನು ಭದ್ರವಾಗಿ ಹೂಳದವನು ಅವನು’ ಎಂದರು ಸಮಿತಿಯವರು. ಆ ಸಮಿತಿಯಾದರೋ ಕರಪತ್ರದಲ್ಲಿ ಇತ್ತೇ ಹೊರತು ಯಾವ ದಫ್ತರದಲ್ಲಿಯೂ ಇರಲಿಲ್ಲ. ಕಡೆಗೆ ಅಧ್ಯಕ್ಷರೆನಿಸಿಕೊಂಡಿದ್ದ ನನ್ನ ದೊಡ್ಡಪ್ಪನವರು ಉಳುವ ಜೋಡಿ ಎತ್ತುಗಳನ್ನು ಮಾರಿ ಆಸ್ಪತ್ರೆಯ ಬಾಕಿಯನ್ನು ತೀರಿಸಿದರು. ಆ ಹೆಂಗಸು ಇಂದಿಗೂ ಕೋಲೂರಿಕೊಂಡೇ ನಡೆಯುತ್ತಾಳೆ. ಮಂಡಕ್ಕಿಯ ಮೂಟೆ ಹೊತ್ತು ಜಾತ್ರೆಗೆ ಬರುವುದು ಅವಳಿಂದ ಆಗದು. ದೊಡ್ಡಪ್ಪನ ಎತ್ತುಗಳೂ ಹೋದವು, ಅವಳ ಜೀವನದ ದಾರಿಯೂ ಹೋಯಿತು.

ಈ ಕಥೆಯನ್ನು ಕಾಲೇಜಿನಲ್ಲಿ ಹೇಳಿದಾಗ ಶಿಕಾರಿಪುರದ ಕಡೆಯ ನನ್ನ ಸಹಪಾಠಿಯೊಬ್ಬ, ಕ್ರೈಸ್ತ ಮನೆತನದವನು, ಒಂದು ಸಂಗತಿಯನ್ನು ತಿಳಿಸಿದ. ಅವರ ಚರ್ಚಿನ ಪಾಲನಾ ಮಂಡಳಿಯವರು ಇದೇ ತರದ ಭಯದಿಂದ ಹೊಣೆಗಾರಿಕೆಯ ವಿಮೆಯೊಂದನ್ನು ಮಾಡಿಸಲು ಹೊರಟಿದ್ದರಂತೆ. ಆದರೆ ಯಾವ ಪಾಲಿಸಿ ತಮಗೆ ಒಪ್ಪುತ್ತದೆಂದು ತೋಚದೆ ಕುಳಿತಿದ್ದರಂತೆ. ನಾವಿಬ್ಬರೂ ಕೂಡಿ ಶಿವಮೊಗ್ಗದ ಒಂದು ವಿಮಾ ಕಚೇರಿಗೆ ಎರಡು ಸಲ ಅಲೆದು, ಪಾಲಿಸಿಯ ಕಾಗದಗಳನ್ನು ಓದಿ, ನಮ್ಮ ಅಧ್ಯಾಪಕರನ್ನು ಪೀಡಿಸಿ ತಿಳಿದುಕೊಂಡ ವಿಷಯಗಳನ್ನೇ ಇಲ್ಲಿ ಕ್ರಮವಾಗಿ ಹೇಳಲು ಯತ್ನಿಸಿದ್ದೇನೆ. ಗುಡಿಯಿರಲಿ, ಚರ್ಚಿರಲಿ, ಮಸೀದಿಯಿರಲಿ, ಪ್ರಶ್ನೆ ಒಂದೇ ಆದುದರಿಂದ ಎಲ್ಲಕ್ಕೂ ಸೇರಿಸಿಯೇ ಬರೆದಿದ್ದೇನೆ.

ಹೊಣೆಗಾರಿಕೆ ಎಂದರೇನು? ಒಂದು ಸ್ಥಳವನ್ನು ತನ್ನ ವಶದಲ್ಲಿಟ್ಟುಕೊಂಡು ಅಲ್ಲಿಗೆ ಜನರನ್ನು ಕರೆಯುವವನು, ಬಂದವರಿಗೆ ಆ ಸ್ಥಳದಿಂದ ಕೇಡಾಗದಂತೆ ತಕ್ಕಷ್ಟು ಎಚ್ಚರಿಕೆ ವಹಿಸತಕ್ಕದ್ದು. ಎಚ್ಚರ ತಪ್ಪಿದ್ದರಿಂದ ಯಾರಿಗಾದರೂ ಪೆಟ್ಟು ಬಿದ್ದರೆ, ಪ್ರಾಣ ಹೋದರೆ, ಸ್ವತ್ತು ನಷ್ಟವಾದರೆ, ಅದಕ್ಕೆ ಹಣದ ರೂಪದಲ್ಲಿ ಪರಿಹಾರ ಕೊಡಬೇಕಾಗುತ್ತದೆ. ಇದು ಸಿವಿಲ್ ಹೊಣೆ. ಸಿನಿಮಾ ಮಂದಿರಕ್ಕೂ ಹೋಟೆಲಿಗೂ ಹೇಗೋ ಹಾಗೆಯೇ ದೇವಾಲಯಕ್ಕೂ ಇದು ಅನ್ವಯಿಸುತ್ತದೆ. ಟಿಕೆಟ್ಟು ಇಲ್ಲದೆ ಒಳಗೆ ಬಂದ ಮಾತ್ರಕ್ಕೆ ಭಕ್ತನ ಕಾಲಿನ ಮೂಳೆ ಅಗ್ಗವಾಗುವುದಿಲ್ಲ.

ಇದಕ್ಕೆ ಸರ್ವೋಚ್ಚ ನ್ಯಾಯಾಲಯದ 1966ರ ಒಂದು ತೀರ್ಪು ಒಳ್ಳೆಯ ನಿದರ್ಶನ. ದೆಹಲಿಯ ಚಾಂದನಿ ಚೌಕದಲ್ಲಿದ್ದ ಹಳೆಯ ಗಡಿಯಾರದ ಗೋಪುರವೊಂದು ಕುಸಿದು ಹಲವರು ಸತ್ತರು. ಆ ಕಟ್ಟಡಕ್ಕೆ ಸುಮಾರು 80 ವರ್ಷ ವಯಸ್ಸಾಗಿತ್ತು. ಬಳಸಿದ್ದ ಗಾರೆಯನ್ನು ನೋಡಿದರೆ ಅದರ ಬಾಳಿಕೆ 40-45 ವರ್ಷ ಮಾತ್ರ ಎಂದು ಸಾಕ್ಷ್ಯ ಬಂದಿತು. ದೋಷ ಹೊರಗೆ ಕಾಣುತ್ತಿರಲಿಲ್ಲ ಎಂಬ ಸಮಜಾಯಿಷಿಯನ್ನು ನ್ಯಾಯಾಲಯ ಒಪ್ಪಲಿಲ್ಲ. ದಾರಿಹೋಕರ ತಲೆಯ ಮೇಲೆ ನಿಂತಿರುವ ಕಟ್ಟಡದ ಒಡೆಯನು ಅದನ್ನು ಕಾಲಕಾಲಕ್ಕೆ ಪರೀಕ್ಷಿಸಲೇಬೇಕು ಎಂದು ನಗರಸಭೆಯನ್ನೇ ಹೊಣೆ ಮಾಡಿತು. ಗಡಿಯಾರದ ಗೋಪುರಕ್ಕೆ ಸಲ್ಲುವ ಮಾತು ಚರ್ಚಿನ ಗಂಟೆಗೋಪುರಕ್ಕೂ ಗುಡಿಯ ಮಹಾದ್ವಾರಕ್ಕೂ ಸಲ್ಲುತ್ತದೆಂದು ಬೇರೆ ಹೇಳಬೇಕಾಗಿಲ್ಲ.

‘ಇಂಥದೆಲ್ಲ ದೆಹಲಿಯಲ್ಲಿ, ನಮ್ಮ ಮಲೆನಾಡಿನ ಮೂಲೆಯಲ್ಲಿ ಏನು?’ ಎಂದು ಕೆಲವರು ಕೇಳಬಹುದು. ನಮ್ಮ ಎರಡು ತಾಲ್ಲೂಕುಗಳನ್ನೇ ನೋಡೋಣ. ಶಿಕಾರಿಪುರದಲ್ಲಿ ಹುಚ್ಚರಾಯಸ್ವಾಮಿಯ ರಥೋತ್ಸವಕ್ಕೆ ಸೇರುವ ಜನಸಂದಣಿಯನ್ನು ನಾವೆಲ್ಲ ಕಂಡಿದ್ದೇವೆ. ಪಕ್ಕದಲ್ಲಿಯೇ ತುಂಬಿದ ಕೆರೆ. ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ರೇಣುಕಾಂಬೆಯ ಸನ್ನಿಧಿ ಇರುವುದು ಬೆಟ್ಟದ ಬಂಡೆಯ ಗುಹೆಯಲ್ಲಿ, ಮೆಟ್ಟಿಲೇರಿಯೇ ಹೋಗಬೇಕು. ದೀಪಾವಳಿಯಿಂದ ಮೊದಲ್ಗೊಂಡು ಹಳ್ಳಿಹಳ್ಳಿಗಳಲ್ಲಿ ಹೋರಿ ಹಬ್ಬ. ಕೊಬ್ಬರಿ ಸರ ಕಟ್ಟಿಸಿಕೊಂಡು ಓಡುವ ಹೋರಿಗೆ ನೋಡಲು ಬಂದವರಾರು, ಹಿಡಿಯಲು ಬಂದವರಾರು ಎಂಬ ಭೇದ ತಿಳಿಯದು. 2022ರ ದೀಪಾವಳಿಯ ನಂತರದ ದಿನಗಳಲ್ಲಿ ನಮ್ಮ ಈ ಎರಡು ತಾಲ್ಲೂಕುಗಳ ಹೋರಿ ಹಬ್ಬಗಳಲ್ಲಿಯೇ ಜನ ಪ್ರಾಣ ಕಳೆದುಕೊಂಡರು. ದೂರದ ಮಾತೆನ್ನಲು ಸಾಧ್ಯವೆ?

ಹೊರಗಿನ ಉದಾಹರಣೆಗಳಂತೂ ಬೇಕಾದಷ್ಟಿವೆ. 2017ರ ಫೆಬ್ರವರಿಯಲ್ಲಿ ಕೊಟ್ಟೂರಿನ ತೇರು ಉರುಳಿತು. 2025ರ ಮಾರ್ಚಿನಲ್ಲಿ ಬೆಂಗಳೂರಿನ ಬಳಿಯ ಹುಸ್ಕೂರು ಜಾತ್ರೆಯಲ್ಲಿ ಎತ್ತರದ ತೇರು ಉರುಳಿ ಪ್ರಾಣಹಾನಿಯಾಯಿತು. ತಮಿಳುನಾಡಿನ ತಂಜಾವೂರು ಬಳಿಯ ಕಳಿಮೇಡುವಿನಲ್ಲಿ 2022ರ ಏಪ್ರಿಲ್ 27ರಂದು ತೇರು ವಿದ್ಯುತ್ ತಂತಿಗೆ ತಾಗಿ 11 ಮಂದಿ ಸತ್ತರು. ಕೇರಳದ ಪರವೂರು ಪುಟ್ಟಿಂಗಲ್ ದೇವಸ್ಥಾನದಲ್ಲಿ 2016ರ ಏಪ್ರಿಲ್ 10ರಂದು ಬಾಣಬಿರುಸಿನ ಕೊಠಡಿ ಸಿಡಿದು ನೂರಕ್ಕೂ ಹೆಚ್ಚು ಜನ ಅಸುನೀಗಿದರು. ಕಾಸರಗೋಡು ಜಿಲ್ಲೆಯ ನೀಲೇಶ್ವರದಲ್ಲಿ 2024ರ ಅಕ್ಟೋಬರಿನಲ್ಲಿ ಅದೇ ಬಗೆಯ ದುರಂತ ಮರುಕಳಿಸಿತು. ಇವೆಲ್ಲವೂ ದೇವರ ಸನ್ನಿಧಿಯಲ್ಲಿ, ಹಬ್ಬದ ದಿನವೇ ನಡೆದವು.

ಇನ್ನು ವಿಮೆಯ ವಿಚಾರಕ್ಕೆ ಬರೋಣ. ನಮ್ಮ ದೇಶದಲ್ಲಿ ಜೀವವಿಮೆ 1956ರಲ್ಲಿ ರಾಷ್ಟ್ರೀಕರಣಗೊಂಡಿತು. ಬೆಂಕಿ, ಕಳವು, ಅಪಘಾತ, ಹೊಣೆಗಾರಿಕೆ ಮೊದಲಾದವುಗಳಿಗೆ ಸಂಬಂಧಿಸಿದ ಸಾಮಾನ್ಯ ವಿಮೆಯ ರಾಷ್ಟ್ರೀಕರಣಕ್ಕೆ 1972ರಲ್ಲಿ ಕಾಯಿದೆಯಾಯಿತು. ಆಗ ನ್ಯಾಷನಲ್, ನ್ಯೂ ಇಂಡಿಯಾ, ಓರಿಯೆಂಟಲ್, ಯುನೈಟೆಡ್ ಇಂಡಿಯಾ ಎಂಬ ನಾಲ್ಕು ಸರ್ಕಾರಿ ಕಂಪೆನಿಗಳು ರೂಪುಗೊಂಡವು. 1999ರ ಕಾಯಿದೆಯ ತರುವಾಯ ಖಾಸಗಿ ಕಂಪೆನಿಗಳೂ ಬಂದಿವೆ. ಆದುದರಿಂದ ಗುಡಿಯ ಹೊಣೆಗಾರಿಕೆಯ ವಿಮೆಗಾಗಿ ಜೀವವಿಮಾ ಕಚೇರಿಯ ಬಾಗಿಲು ತಟ್ಟಿ ಫಲವಿಲ್ಲ; ಸಾಮಾನ್ಯ ವಿಮಾ ಕಂಪೆನಿಗೇ ಹೋಗಬೇಕು.

ಅಲ್ಲಿಗೆ ಹೋದಾಗ ಮೂರು ಬೇರೆ ಬೇರೆ ವಸ್ತುಗಳನ್ನು ಒಂದೇ ಎಂದು ಭ್ರಮಿಸದಿರುವುದು ಮುಖ್ಯ. ಒಂದನೆಯದು ಆಸ್ತಿಯ ವಿಮೆ: ಕಟ್ಟಡಕ್ಕೆ ಬೆಂಕಿ ತಗುಲಿದರೆ, ಒಡವೆ ಕಳುವಾದರೆ ಸಂಸ್ಥೆಗೆ ಹಣ ಬರುತ್ತದೆ. ಎರಡನೆಯದು ವೈಯಕ್ತಿಕ ಅಪಘಾತ ವಿಮೆ: ಹೆಸರಿಸಿದ ವ್ಯಕ್ತಿಗಳಿಗೆ ಅಥವಾ ಗುಂಪಿಗೆ ಅಪಘಾತವಾದರೆ, ತಪ್ಪು ಯಾರದೆಂದು ಕೇಳದೆ, ಮೊದಲೇ ಗೊತ್ತುಮಾಡಿದ ಮೊತ್ತ ಸಲ್ಲುತ್ತದೆ. ಮೂರನೆಯದೇ ನಮ್ಮ ವಿಷಯ, ಸಾರ್ವಜನಿಕ ಹೊಣೆಗಾರಿಕೆ ವಿಮೆ. ಸಂಸ್ಥೆಯ ಮೇಲೆ ಕಾನೂನಿನ ಹೊಣೆ ಬಿದ್ದಾಗ, ಹೊರಗಿನವರಿಗೆ ಕೊಡಬೇಕಾದ ಪರಿಹಾರವನ್ನೂ, ಕಂಪೆನಿಯ ಒಪ್ಪಿಗೆಯಿಂದ ಮಾಡಿದ ವಕೀಲರ ಖರ್ಚನ್ನೂ ಗೊತ್ತಾದ ಮಿತಿಯೊಳಗೆ ಇದು ಭರಿಸುತ್ತದೆ.

ಈ ಮೂರರ ಅಂತರವನ್ನು ಮುಂಬಯಿಯ ಒಂದು ಲೆಕ್ಕದಿಂದ ತಿಳಿಯಬಹುದು. ಅಲ್ಲಿನ ಕಿಂಗ್ಸ್ ಸರ್ಕಲ್ಲಿನಲ್ಲಿ ಗಣೇಶೋತ್ಸವ ನಡೆಸುವ ಜಿ.ಎಸ್.ಬಿ. ಸೇವಾ ಮಂಡಲವು 2022ರಲ್ಲಿ 316.40 ಕೋಟಿ ರೂಪಾಯಿಗಳ ವಿಮೆ ಮಾಡಿಸಿತು. ಪತ್ರಿಕೆಗಳಲ್ಲಿ ಆ ದೊಡ್ಡ ಮೊತ್ತವೇ ಎದ್ದು ಕಂಡಿತು. ಬಿಡಿಸಿ ನೋಡಿದರೆ ಅದರಲ್ಲಿ 263 ಕೋಟಿ ಸ್ವಯಂಸೇವಕರು, ಅರ್ಚಕರು, ಅಡಿಗೆಯವರು ಮೊದಲಾದವರ ರಕ್ಷಣೆಗೆ, 31.97 ಕೋಟಿ ಒಡವೆಗಳಿಗೆ. ಸಾರ್ವಜನಿಕ ಹೊಣೆಗಾರಿಕೆಗೆ 20 ಕೋಟಿ. ‘ನಮ್ಮ ದೇವಸ್ಥಾನಕ್ಕೆ ವಿಮೆ ಇದೆ’ ಎನ್ನುವವರನ್ನು ನಾವು ಕೇಳಬೇಕಾದ ಪ್ರಶ್ನೆ ಇದೇ: ‘ಯಾವುದಕ್ಕೆ ಇದೆ? ದೇವರ ಒಡವೆಗೋ, ಬಂದ ಭಕ್ತನಿಗೋ?’

ಇಲ್ಲಿ ಹೆಸರಿನಿಂದ ಮೋಸಹೋಗುವ ಇನ್ನೊಂದು ಸಂಭವವಿದೆ. ಭೋಪಾಲದ 1984ರ ವಿಷಾನಿಲ ದುರಂತದ ಬಳಿಕ 1991ರಲ್ಲಿ ಪಬ್ಲಿಕ್ ಲಯಬಿಲಿಟಿ ಇನ್ಷೂರೆನ್ಸ್ ಆ್ಯಕ್ಟ್ ಎಂಬ ಕಾಯಿದೆ ಬಂದಿತು. ಅಪಾಯಕರ ವಸ್ತುಗಳನ್ನು ಬಳಸುವ ಉದ್ಯಮಗಳು ಅದರ ಪ್ರಕಾರ ವಿಮೆ ಮಾಡಿಸುವುದು ಕಡ್ಡಾಯ. ಸಾಮಾನ್ಯ ಗುಡಿ-ಚರ್ಚುಗಳಿಗೆ ಬೇಕಾದದ್ದು ಅದಲ್ಲ. ಕಾರ್ಖಾನೆಯಲ್ಲದ ಸ್ಥಳಗಳಿಗಾಗಿ, ಅಂದರೆ ಹೋಟೆಲು, ಶಾಲೆ, ಸಭಾಭವನ ಮುಂತಾದವುಗಳಿಗಾಗಿ ಇರುವ ‘ನಾನ್-ಇಂಡಸ್ಟ್ರಿಯಲ್’ ಪಬ್ಲಿಕ್ ಲಯಬಿಲಿಟಿ ಪಾಲಿಸಿಯನ್ನು ಕೇಳಬೇಕು.

ಅದನ್ನು ಆರಿಸುವಾಗ ಗಮನಿಸತಕ್ಕ ಅಂಶಗಳು ನನಗೆ ತಿಳಿದಮಟ್ಟಿಗೆ ಆರು.

ಮೊದಲನೆಯದಾಗಿ, ಪಾಲಿಸಿ ಯಾರ ಹೆಸರಿನಲ್ಲಿ? ಮುಜರಾಯಿ ದೇವಸ್ಥಾನವಾದರೆ 1997ರ ಕರ್ನಾಟಕ ಹಿಂದೂ ಧಾರ್ಮಿಕ ಸಂಸ್ಥೆಗಳ ಮತ್ತು ಧರ್ಮಾದಾಯ ದತ್ತಿಗಳ ಕಾಯಿದೆಯಂತೆ ಅದರ ಆಡಳಿತ ನಡೆಯುತ್ತದೆ. ವ್ಯವಸ್ಥಾಪನಾ ಸಮಿತಿಯನ್ನೂ ಇಲಾಖೆಯ ಅಧಿಕಾರಿಗಳನ್ನೂ ಕೇಳಿಯೇ ಹೆಜ್ಜೆಯಿಡಬೇಕು. ಹಿಂದೂ ದೇವತಾಮೂರ್ತಿಯನ್ನು ಕಾನೂನು ಒಬ್ಬ ವ್ಯಕ್ತಿಯೆಂದೇ ಗಣಿಸುತ್ತದೆಂಬ ತತ್ತ್ವ 1925ರ ಪ್ರಿವಿ ಕೌನ್ಸಿಲ್ ತೀರ್ಪಿನಿಂದ ಪ್ರಸಿದ್ಧವಾಗಿದೆ. ಆದರೆ ಕಾಗದಕ್ಕೆ ರುಜು ಹಾಕಲು ಮನುಷ್ಯನೇ ಬೇಕಷ್ಟೆ. ಕಥೋಲಿಕ ಚರ್ಚಾದರೆ ಧರ್ಮಪ್ರಾಂತ್ಯದ ಮಾತು ಬರುತ್ತದೆ; ನಮ್ಮ ಶಿವಮೊಗ್ಗ ಧರ್ಮಪ್ರಾಂತ್ಯ ಸ್ಥಾಪನೆಯಾದದ್ದು 1988ರಲ್ಲಿ. 1947ರಲ್ಲಿ ಉದಯಿಸಿದ ದಕ್ಷಿಣ ಭಾರತ ಸಭೆಯಲ್ಲಿ ಆಸ್ತಿಗಳನ್ನು ನೋಡಿಕೊಳ್ಳುವುದಕ್ಕೆ ಒಂದು ಟ್ರಸ್ಟ್ ಅಸೋಸಿಯೇಷನ್ ಇದೆ. ವಕ್ಫ್ ಸಂಸ್ಥೆಯಾದರೆ ಮುತವಲ್ಲಿಯವರು. ಹೀಗಿರುವಲ್ಲಿ ಸ್ಥಳೀಯ ಮಂಡಳಿ, ಆಸ್ತಿಯ ಒಡೆತನವುಳ್ಳ ಸಂಸ್ಥೆ, ಪದಾಧಿಕಾರಿಗಳು, ಈ ಎಲ್ಲರ ಹೆಸರೂ ‘ವಿಮೆ ಪಡೆದವರು’ ಎಂಬಲ್ಲಿ ಸೇರಿದೆಯೆ ಎಂದು ನೋಡಬೇಕು. ನಮ್ಮೂರಿನಂತಹ ಜಾತ್ರಾ ಸಮಿತಿಗಳು 1960ರ ಸಂಘಗಳ ನೋಂದಣಿ ಕಾಯಿದೆಯಂತೆ ಮೊದಲು ನೋಂದಣಿ ಮಾಡಿಸಿಕೊಳ್ಳುವುದೇ ಲೇಸು. ಇಲ್ಲವಾದರೆ ಹೊಣೆಯೆಲ್ಲ ಕರಪತ್ರದಲ್ಲಿ ಹೆಸರು ಅಚ್ಚಾದವರ ಕೊರಳಿಗೆ ಬೀಳುವ ಭಯವಿದೆ.

ಎರಡನೆಯದಾಗಿ, ನಮ್ಮ ಸ್ಥಳದ ಅಪಾಯಗಳು ಯಾವುವು? ಇದನ್ನು ಕಚೇರಿಯಲ್ಲಿ ಕುಳಿತು ಬರೆಯಲಾಗದು. ಒಂದು ಮುಂಜಾನೆ ಮತ್ತು ಒಂದು ಹಬ್ಬದ ರಾತ್ರಿ ಸ್ಥಳವನ್ನು ಸುತ್ತಿ ಬರಬೇಕು. ನಾನೂ ನನ್ನ ಮಿತ್ರನೂ ಅವರ ಚರ್ಚನ್ನು ಹೀಗೆ ಸುತ್ತಿದೆವು. ಗಂಟೆಗೋಪುರದಲ್ಲಿ ಬಿರುಕು, ಮಳೆಗಾಲದಲ್ಲಿ ಪಾಚಿಗಟ್ಟುವ ಮೆಟ್ಟಿಲು, ಕ್ರಿಸ್ಮಸ್ ಗೋದಲಿಗೆ ಹುಲ್ಲಿನ ನಡುವೆಯೇ ಎಳೆದ ವಿದ್ಯುತ್ ತಂತಿ, ಹಬ್ಬದ ಊಟದ ಪಾತ್ರೆಗಳು, ಬೇಸಗೆ ಶಿಬಿರಕ್ಕೆ ಬರುವ ಮಕ್ಕಳು, ಕಟ್ಟೆಯಿಲ್ಲದ ಹಳೆಯ ಬಾವಿ: ಒಂದು ಪುಟ ತುಂಬಿತು. ಮರುವಾರ ನಮ್ಮೂರ ಗುಡಿಯ ಪಟ್ಟಿ ಮಾಡಿದಾಗ ತೇರಿನ ಅಚ್ಚು, ದಾರಿಗೆ ಅಡ್ಡಬರುವ ತಂತಿ, ಪ್ರಸಾದ, ಬಾಣಬಿರುಸು, ಕೊಂಡ, ಅಂಗಡಿ ಸಾಲು ಎಂದು ಎರಡು ಪುಟವಾಯಿತು. ಇಂತಹ ಪಟ್ಟಿಯನ್ನು ಅರ್ಜಿಯ ಜೊತೆಗೆ ಕಂಪೆನಿಗೆ ಕೊಡಬೇಕು. ಅಪಾಯವನ್ನು ಮರೆಮಾಚಿ ಕಂತನ್ನು ಉಳಿಸಿದವನು ಕಡೆಗೆ ಪಾಲಿಸಿಯನ್ನೇ ಕಳೆದುಕೊಳ್ಳುತ್ತಾನೆ. ವಿಮೆಯ ಕರಾರು ಪೂರ್ಣ ಸತ್ಯದ ಮೇಲೆ ನಿಂತದ್ದು.

ಮೂರನೆಯದಾಗಿ, ಯಾವುದು ಸೇರಿದೆ, ಯಾವುದು ಬಿಟ್ಟಿದೆ? ಇಲ್ಲಿಯೇ ‘ದೇವರು ವರ ಕೊಟ್ಟರೂ ಪೂಜಾರಿ ಕೊಡ’ ಎಂಬ ಗಾದೆ ನೆನಪಾಗುವುದು. ಮೊದಲ ಪುಟ ಕೊಟ್ಟದ್ದನ್ನು ಮೂರನೆಯ ಪುಟದ ಸಣ್ಣಕ್ಷರ ಹಿಂತೆಗೆದುಕೊಳ್ಳುತ್ತದೆ. ಊಟ-ತಿಂಡಿಯಿಂದಾಗುವ ಕೇಡು, ಪ್ರವಾಹ-ಭೂಕಂಪಗಳ ಸಂದರ್ಭ ಮುಂತಾದುವನ್ನು ಸಾಮಾನ್ಯವಾಗಿ ಹೆಚ್ಚಿನ ಕಂತು ಕಟ್ಟಿ ಬೇರೆಯಾಗಿ ಸೇರಿಸಿಕೊಳ್ಳಬೇಕು. ಅನ್ನಸಂತರ್ಪಣೆ ಮಾಡುವ ಗುಡಿಗೂ ಹಬ್ಬದೂಟ ಹಾಕುವ ಚರ್ಚಿಗೂ ಊಟದ ಸೇರ್ಪಡೆ ಅವಶ್ಯ. ಬಾಣಬಿರುಸು, ಮೆರವಣಿಗೆ, ತೇರು, ಹೋರಿ ಇವುಗಳನ್ನು ಸ್ಪಷ್ಟ ಶಬ್ದಗಳಲ್ಲಿ ಬರೆಯಿಸಿಕೊಳ್ಳದಿದ್ದರೆ ಅವು ಸೇರಿವೆ ಎಂದು ನಂಬಲಾಗದು. ಪಾಲಿಸಿಯಲ್ಲಿ ನಮೂದಿಸಿದ ಆವರಣದ ಗಡಿ ದಾಟಿ ರಾಜಬೀದಿಗೆ ಹೋದ ಮೆರವಣಿಗೆ ರಕ್ಷಣೆಯ ಹೊರಗೆ ಉಳಿಯಬಹುದು. ಹೋರಿ ಹಬ್ಬಕ್ಕೆ ಕಂಪೆನಿ ಒಪ್ಪದೆಯೂ ಇರಬಹುದು. ಆಗ ಭದ್ರವಾದ ಬೇಲಿಯೂ, ಭಾಗವಹಿಸುವವರಿಗೆ ಗುಂಪು ಅಪಘಾತ ವಿಮೆಯೂ ಉಳಿದ ದಾರಿ. ಹೋರಿ ಹಿಡಿಯಲು ತಾನಾಗಿ ಕಣಕ್ಕಿಳಿದವನು ತಿಳಿದೇ ಅಪಾಯಕ್ಕೆ ಒಡ್ಡಿಕೊಂಡನೆಂದು ವಾದಿಸಬಹುದು. ಬೇಲಿಯ ಆಚೆ ಅಮ್ಮನ ಸೊಂಟದ ಮೇಲಿದ್ದ ಕೂಸಿನ ವಿಷಯದಲ್ಲಿ ಆ ವಾದ ನಿಲ್ಲದು.

ಬೇರೆ ಕಾನೂನುಗಳ ವ್ಯಾಪ್ತಿಗೆ ಬರುವ ಸಂಗತಿಗಳೂ ಸಾಮಾನ್ಯವಾಗಿ ಇದರಲ್ಲಿ ಸೇರವು. ಸಂಬಳದ ಕೆಲಸಗಾರನಿಗೆ ಕೆಲಸದಲ್ಲಿ ಪೆಟ್ಟಾದರೆ ಪರಿಹಾರ ಕೊಡುವುದಕ್ಕೆ 1923ರಿಂದಲೂ ಪ್ರತ್ಯೇಕ ಕಾನೂನಿನ ಏರ್ಪಾಡಿದೆ. ಅದಕ್ಕೆ ಬೇರೆ ಪಾಲಿಸಿ ಬೇಕು. ವಾಹನಗಳಿಗೆ ಮೋಟಾರು ವಿಮೆ ಬೇರೆ. ನಮ್ಮ ಕಡೆ ಜಾತ್ರೆಗೆ ಟ್ರಾಕ್ಟರಿನ ಟ್ರೇಲರಿನಲ್ಲಿ ಜನರನ್ನು ತುಂಬಿಕೊಂಡು ಬರುವುದು ರೂಢಿ. ಬೇಸಾಯಕ್ಕೆಂದು ಮಾಡಿಸಿದ ಟ್ರಾಕ್ಟರಿನ ವಿಮೆ ಟ್ರೇಲರಿನಲ್ಲಿ ಕುಳಿತ ಪ್ರಯಾಣಿಕರಿಗೆಂದು ಮಾಡಿದ್ದಲ್ಲ ಎಂಬುದನ್ನು ಪ್ರತಿಯೊಬ್ಬ ರೈತನೂ ತಿಳಿದಿರಬೇಕು. ಬೇಕೆಂದೇ ಮಾಡಿದ ಕೇಡಿಗೆ ಮಾಡಿದವನು ಯಾವ ವಿಮೆಯ ಆಶ್ರಯವನ್ನೂ ಪಡೆಯಲಾರ. ಚಾಮರಾಜನಗರ ಜಿಲ್ಲೆಯ ಸುಳವಾಡಿಯಲ್ಲಿ 2018ರ ಡಿಸೆಂಬರ್ 14ರಂದು ಮಾರಮ್ಮನ ಪ್ರಸಾದದಲ್ಲಿ ವಿಷ ಬೆರೆತು ಹದಿನೈದಕ್ಕೂ ಹೆಚ್ಚು ಭಕ್ತರು ಸತ್ತ ಘೋರಕೃತ್ಯವನ್ನು ಯಾರು ಮರೆತಾರು? ಅದು ಎಚ್ಚರ ತಪ್ಪಿದ್ದಲ್ಲ, ಅಪರಾಧ. ಅದಕ್ಕೆ ಉತ್ತರ ಹೇಳುವ ಸ್ಥಳ ಬೇರೆ.

ನಾಲ್ಕನೆಯದಾಗಿ, ಮೊತ್ತ ಎಷ್ಟಿರಬೇಕು? ಬಹುಮಂದಿ ಕಂತನ್ನು ನೋಡಿ ಮೊತ್ತವನ್ನು ಆರಿಸುತ್ತಾರೆ. ಆದರೆ ನೋಡಬೇಕಾದದ್ದು ಒಂದು ಜೀವದ ಪರಿಹಾರವನ್ನು. ಮೋಟಾರು ಅಪಘಾತದ ಮೊಕದ್ದಮೆಗಳಿಗಾಗಿ ಸರ್ವೋಚ್ಚ ನ್ಯಾಯಾಲಯವು 2009 ಮತ್ತು 2017ರ ತೀರ್ಪುಗಳಲ್ಲಿ ಒಂದು ಲೆಕ್ಕದ ಕ್ರಮವನ್ನು ಹಾಕಿಕೊಟ್ಟಿದೆ. ಬೇರೆ ಅಪಘಾತಗಳಿಗೂ ಅದರಿಂದ ಒಂದು ಅಂದಾಜು ಸಿಗುತ್ತದೆ. ತಿಂಗಳಿಗೆ 15,000 ರೂಪಾಯಿ ದುಡಿಯುವ 25 ವರ್ಷದ ಸ್ವಂತ ಉದ್ಯೋಗದ ಯುವಕನೊಬ್ಬ ಸತ್ತನೆನ್ನಿ. ಅವನಿಗೆ ತಾಯಿ, ಹೆಂಡತಿ, ಒಂದು ಮಗು. ವರ್ಷದ ದುಡಿಮೆ 1,80,000. ಮುಂದೆ ಹೆಚ್ಚಬಹುದಾಗಿದ್ದ ಆದಾಯಕ್ಕಾಗಿ ಶೇಕಡಾ 40 ಸೇರಿಸಿದರೆ 2,52,000. ಅವನ ಸ್ವಂತ ಖರ್ಚೆಂದು ಮೂರರಲ್ಲಿ ಒಂದು ಪಾಲು ಕಳೆದರೆ 1,68,000. ಆ ವಯಸ್ಸಿಗೆ ಗೊತ್ತುಮಾಡಿದ ಗುಣಕ 18. ಗುಣಿಸಿದರೆ 30,24,000 ರೂಪಾಯಿ. ಇದರ ಮೇಲೆ ಅಂತ್ಯಕ್ರಿಯೆ ಮೊದಲಾದ ಬಾಬುಗಳು ಬೇರೆ. ಒಂದು ತೇರು ಉರುಳಿ ಐವರು ಇಂಥವರು ಸತ್ತರೆ ಒಂದೂವರೆ ಕೋಟಿ ದಾಟಿತು! ಐದು ಲಕ್ಷದ ಪಾಲಿಸಿಯಿಂದ ಏನಾದೀತು?

ಪಾಲಿಸಿಯಲ್ಲಿ ಈ ಮೊತ್ತವನ್ನು ಎರಡಾಗಿ ಬರೆದಿರುತ್ತಾರೆ: ಒಂದು ಅಪಘಾತಕ್ಕೆ ಗರಿಷ್ಠ ಎಷ್ಟು, ಒಂದು ವರ್ಷಕ್ಕೆ ಒಟ್ಟು ಎಷ್ಟು ಎಂದು. ಜಾತ್ರೆಯಂತೆ ವರ್ಷಕ್ಕೊಂದು ಸಲ ಸಾವಿರಾರು ಜನ ಒಟ್ಟಿಗೆ ಸೇರುವ ಸ್ಥಳಕ್ಕೆ ಒಂದು ಅಪಘಾತದ ಮಿತಿಯೇ ದೊಡ್ಡದಿರಬೇಕು. ದಿನವೂ ಸ್ವಲ್ಪ ಸ್ವಲ್ಪ ಜನ ಬರುವ, ಜೊತೆಗೆ ಶಾಲೆಯೂ ಇರುವ ಚರ್ಚಿಗೆ ವರ್ಷದ ಒಟ್ಟು ಮಿತಿಯೂ ಅಷ್ಟೇ ಮುಖ್ಯ. ಪ್ರತಿ ಸಲವೂ ಮೊದಲ ಇಷ್ಟು ರೂಪಾಯಿ ಸಂಸ್ಥೆಯೇ ಭರಿಸಬೇಕೆಂಬ ಕರಾರೂ ಇರುತ್ತದೆ. ಅದು ತಾಳಬಲ್ಲಷ್ಟೇ ಇದೆಯೆ ಎಂದು ನೋಡಿಕೊಳ್ಳಬೇಕು.

ಐದನೆಯದಾಗಿ, ಯಾವಾಗಿನ ಅಪಘಾತಕ್ಕೆ? ಇಂತಹ ಪಾಲಿಸಿಗಳು ಸಾಮಾನ್ಯವಾಗಿ ಪರಿಹಾರದ ಬೇಡಿಕೆ ಬಂದ ಕಾಲವನ್ನು ಗಣಿಸುತ್ತವೆ. ಅಪಘಾತವು ಪಾಲಿಸಿಯಲ್ಲಿ ಬರೆದ ಒಂದು ಹಿಂದಿನ ತಾರೀಖಿನ ನಂತರ ನಡೆದಿರಬೇಕು. ಬೇಡಿಕೆ ಪಾಲಿಸಿ ಜಾರಿಯಲ್ಲಿರುವಾಗ ಬರಬೇಕು. ಗಾಯಗೊಂಡವರು ನೋಟೀಸು ಕೊಡುವುದು ಎಷ್ಟೋ ತಿಂಗಳ ಮೇಲಾದುದರಿಂದ, ಜಾತ್ರೆಯ ಮೂರು ದಿನಕ್ಕೆ ಮಾತ್ರ ಪಾಲಿಸಿ ಕೊಂಡವರು ‘ಆಮೇಲೆ ಬರುವ ಬೇಡಿಕೆಗೆ ಏನು ಗತಿ?’ ಎಂದು ಮೊದಲೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಬೇಕು. ವರ್ಷದ ಪಾಲಿಸಿಯವರು ಒಂದು ದಿನವೂ ಬಿಡುವಿಲ್ಲದೆ ನವೀಕರಿಸಬೇಕು.

ಆರನೆಯದಾಗಿ, ನಾವು ಪಾಲಿಸಬೇಕಾದ ಷರತ್ತುಗಳಾವುವು? ಅಪಘಾತವಾದೊಡನೆ ಕಂಪೆನಿಗೆ ತಿಳಿಸಬೇಕು. ಅದರ ಒಪ್ಪಿಗೆಯಿಲ್ಲದೆ ‘ತಪ್ಪು ನಮ್ಮದೇ, ಇಷ್ಟು ಕೊಡುತ್ತೇವೆ’ ಎಂದು ಬರೆದುಕೊಡಬಾರದು. ಆದರೆ ಗಾಯಗೊಂಡವನನ್ನು ಎತ್ತಿ ಆಸ್ಪತ್ರೆಗೆ ಒಯ್ಯುವುದಕ್ಕೆ ಯಾರ ಒಪ್ಪಿಗೆಯೂ ಬೇಡ. ಪೊಲೀಸರ, ಅಗ್ನಿಶಾಮಕದವರ, ವಿದ್ಯುತ್ ಇಲಾಖೆಯವರ ಅನುಮತಿ ಪತ್ರಗಳನ್ನೂ, ತೇರಿನ ಹಾಗೂ ಕಟ್ಟಡದ ಪರೀಕ್ಷೆಯ ವರದಿಗಳನ್ನೂ, ಶಾಮಿಯಾನದವರ ಕರಾರನ್ನೂ ಒಂದು ಕಡತದಲ್ಲಿ ಜೋಪಾನವಾಗಿ ಇಡಬೇಕು. ನಮ್ಮೂರಿನ ಕಮಾನಿನ ವಿಷಯದಲ್ಲಿ ಅಂಥ ಒಂದು ಚೀಟಿಯೂ ಇರಲಿಲ್ಲ.

‘ವರ್ಷಕ್ಕೆ ಐದು ಲಕ್ಷದೊಳಗಿನ ಆದಾಯದ ಸಿ ವರ್ಗದ ಗುಡಿಗಳು ಇದನ್ನೆಲ್ಲ ಮಾಡಲು ಸಾಧ್ಯವೆ?’ ಎಂಬ ಆಕ್ಷೇಪಣೆ ನ್ಯಾಯವಾದದ್ದೇ. ಅದಕ್ಕೆ ನನಗೆ ತೋರುವ ಉತ್ತರ ಒಂದೇ: ಕೂಡಿ ಮಾಡುವುದು. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂಬ ಗಾದೆಯೇ ವಿಮೆಯ ಮೂಲಸೂತ್ರ. ಒಂದು ಧರ್ಮಪ್ರಾಂತ್ಯ ತನ್ನ ಚರ್ಚುಗಳನ್ನೆಲ್ಲ ಪಟ್ಟಿಮಾಡಿ ಒಂದೇ ಪಾಲಿಸಿಗಾಗಿ ಮಾತನಾಡಬಹುದು. ಹಾಗೆಯೇ ಒಂದು ತಾಲ್ಲೂಕಿನ ಸಣ್ಣ ಗುಡಿಗಳ ಪರವಾಗಿ ಒಂದೇ ಪಾಲಿಸಿಯನ್ನು ಕೇಳುವಂತೆ ಇಲಾಖೆಯನ್ನು ಒತ್ತಾಯಿಸಬಹುದು. ಜಾತ್ರೆಯ ದೀಪಾಲಂಕಾರದ ಬಾಬಿನಲ್ಲಿ ಒಂದು ಕಮಾನು ಕಡಿಮೆ ಮಾಡಿದರೂ ಕಂತಿಗೆ ಒಂದಿಷ್ಟು ಹಣ ಹೊರಟೀತು.

ಇಷ್ಟಾದರೂ ಒಂದು ಮಾತನ್ನು ಮರೆಯಬಾರದು. ವಿಮೆ ಮೂಳೆಯನ್ನು ಕೂಡಿಸುವುದಿಲ್ಲ, ಸತ್ತವರನ್ನು ಎಬ್ಬಿಸುವುದಿಲ್ಲ. ಗೂಟವನ್ನು ಆಳವಾಗಿ ಹೂಳುವುದು, ಬಾವಿಗೆ ಕಟ್ಟೆ ಕಟ್ಟುವುದು, ತಂತಿಯನ್ನು ಎತ್ತರಿಸುವುದು ಮೊದಲು, ವಿಮೆ ಆಮೇಲೆ. ಮನೆ ಹತ್ತಿ ಉರಿಯುವಾಗ ಬಾವಿ ತೋಡಹೊರಡುವುದು ಹೇಗೆ ಹುಚ್ಚೋ, ವಿಮೆಯಿದೆಯೆಂದು ಬಾವಿಯನ್ನೇ ತೋಡದಿರುವುದೂ ಹಾಗೆಯೇ ಹುಚ್ಚು.

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಗೆ ನಮ್ಮಲ್ಲಿ ಹಲವರು ಪ್ರವಾಸ ಹೋಗಿದ್ದೇವೆ. ಅಲ್ಲಿಯ ಕೋಡಿಯ ಮಠವನ್ನು ಕುರಿತ 1162ರ ಶಾಸನವು ಅದನ್ನು ಬರಿಯ ಪೂಜೆಯ ಠಾವೆಂದು ಹೊಗಳುವುದಿಲ್ಲ. ಬಡವರು, ಕುರುಡರು, ಕುಂಟರು, ಕಿವುಡರು ಮುಂತಾದವರಿಗೆ ಅನ್ನ ಸಿಗುವ ಸ್ಥಳವೆಂದೂ, ರೋಗಿಗಳಿಗೆ ಚಿಕಿತ್ಸೆ ಸಿಗುವ ಸ್ಥಳವೆಂದೂ, ಸಕಲ ಜೀವಿಗಳಿಗೂ ಅಭಯವೀಯುವ ಸ್ಥಳವೆಂದೂ ಬಣ್ಣಿಸುತ್ತದೆ. ದೇವರ ಹೆಸರಿನಲ್ಲಿ ಬಾಗಿಲು ತೆರೆದವರು ಬಂದವರಿಗೆ ಅಭಯ ಕೊಡಬೇಕೆಂಬುದು ಹೀಗೆ ನಮ್ಮ ನೆಲದಲ್ಲಿ ಎಂಟು ನೂರು ವರ್ಷಗಳಿಗೂ ಹಳೆಯ ಮಾತು. ಆ ಮಾತನ್ನು ಇಂದಿನ ಲೆಕ್ಕದ ಪುಸ್ತಕದಲ್ಲಿ ಬರೆಯುವ ರೀತಿಯೇ ಹೊಣೆಗಾರಿಕೆಯ ವಿಮೆ ಎಂದು ನಾನು ತಿಳಿದಿದ್ದೇನೆ.

ಕಳೆದ ರಜೆಯಲ್ಲಿ ಊರಿಗೆ ಹೋದಾಗ ಈ ವಿಷಯವನ್ನೆಲ್ಲ ದೊಡ್ಡಪ್ಪನವರಿಗೆ ಓದಿ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ‘ನನ್ನ ಎತ್ತಿನ ಮಾತು ಬಿಡು ಮಾರಾಯ. ಈ ಕಾಗದ ಆವತ್ತು ಇದ್ದಿದ್ದರೆ ಆ ಮಂಡಕ್ಕಿ ಅಮ್ಮ ನಮ್ಮ ಮುಂದೆ ಬಂದು ಕೈಯೊಡ್ಡಬೇಕಾಗಿರಲಿಲ್ಲ’ ಎಂದರು. ಈ ವರ್ಷದ ಜಾತ್ರೆಯ ಸಭೆಯಲ್ಲಿ ಖರ್ಚಿನ ಪಟ್ಟಿಯ ಮೊದಲ ಸಾಲು ಅವರೇ ಬರೆಸಿದ್ದು: ‘ವಿಮೆ’. ಕಮಾನು ಎರಡನೆಯ ಸಾಲಿಗೆ ಇಳಿದಿದೆ.

— ಅಂತಿಮ ಬಿ.ಎ. ವಿದ್ಯಾರ್ಥಿ